ಸಮ್ಮೇಳನದ ನೋಂದಣಿಗೆ ಎನ್‌ಎಫ್‌ಸಿ: ಅಳವಡಿಸುವುದು ಹೀಗೆ

ಕಾರವಾರದಿಂದ ಅಂಕೋಲಾಕ್ಕೆ ಕಾರಿನಲ್ಲಿ ಹೋಗುವವರು ಹಟ್ಟಿಕೇರಿ ಟೋಲ್‌ನಲ್ಲಿ ಚಿಲ್ಲರೆ ಹುಡುಕುವ ಕಾಲ ಮುಗಿದಿದೆ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗನ್ನು ಯಂತ್ರ ದೂರದಿಂದಲೇ ಓದುತ್ತದೆ, ಗೇಟು ಮೇಲೇಳುತ್ತದೆ. ಆ ಚೀಟಿಯಲ್ಲಿ ಬ್ಯಾಟರಿ ಇಲ್ಲ. ಓದುವ ಯಂತ್ರ ಹೊಮ್ಮಿಸುವ ರೇಡಿಯೊ ಅಲೆಯಿಂದಲೇ ಅದಕ್ಕೆ ಶಕ್ತಿ ಸಿಗುತ್ತದೆ. 2021ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಕಡ್ಡಾಯವಾದ ಈ ವ್ಯವಸ್ಥೆಯ ಹತ್ತಿರದ ಬಂಧು ಎನ್‌ಎಫ್‌ಸಿ (ನಿಯರ್ ಫೀಲ್ಡ್ ಕಮ್ಯುನಿಕೇಶನ್).

ಕಾರವಾರದ ಜಿಲ್ಲಾ ರಂಗಮಂದಿರವಿರಲಿ, ಕಡಲತೀರದ ಮಯೂರವರ್ಮ ವೇದಿಕೆಯಿರಲಿ, ಅಂಕೋಲಾದ ಜೈಹಿಂದ್ ಮೈದಾನವಿರಲಿ, ವಿಚಾರಸಂಕಿರಣ ಅಥವಾ ಸಮ್ಮೇಳನ ನಡೆಸುವವರು ಸಣ್ಣ ಖರ್ಚಿನಲ್ಲೇ ಇದನ್ನು ಬಳಸಬಹುದು.

1. ಮೊದಲು ಆಯ್ಕೆ

ಎನ್‌ಎಫ್‌ಸಿ 13.56 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಫೋನು ಸುಮಾರು 4 ಸೆಂಟಿಮೀಟರ್ ಸನಿಹಕ್ಕೆ ಬಂದರಷ್ಟೇ ಅದರ ಟ್ಯಾಗ್, ಅಂದರೆ ಚಿಪ್ ಇರುವ ಸ್ಟಿಕ್ಕರ್, ಮಾತನಾಡುತ್ತದೆ. ಇದಕ್ಕೆ ಪರ್ಯಾಯವಾದ ಬ್ಲೂಟೂತ್ ಬೀಕನ್ ಹಲವು ಮೀಟರ್ ದೂರದಿಂದಲೇ ಫೋನಿಗೆ ಸಂಕೇತ ಕಳಿಸುತ್ತದೆ. 2013ರಲ್ಲಿ ಆ್ಯಪಲ್ ಐಬೀಕನ್ ತಂದ ಮೇಲೆ ದೊಡ್ಡ ಸಮಾವೇಶಗಳಲ್ಲಿ ಇದು ಹೆಸರು ಮಾಡಿತು. ಆದರೆ ಬೀಕನ್‌ನಿಂದ ಪೂರ್ಣ ಪ್ರಯೋಜನ ಪಡೆಯಲು ಪ್ರತಿ ಅತಿಥಿಯೂ ಆ್ಯಪ್ ಹಾಕಿಕೊಳ್ಳಬೇಕು. ಆ್ಯಪ್ ಇಲ್ಲದೆಯೇ ಸೂಚನೆ ತೋರಿಸುತ್ತಿದ್ದ ಗೂಗಲ್‌ನ ‘ನಿಯರ್‌ಬೈ’ ಸೇವೆ, ಬೇಡದ ಸಂದೇಶಗಳು ಹೆಚ್ಚಾದ ಕಾರಣ 2018ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಜನ ಕಿಕ್ಕಿರಿದರೆ ಮನುಷ್ಯರ ದೇಹವೇ ಬ್ಲೂಟೂತ್ ಅಲೆಗಳನ್ನು ಹೀರಿಕೊಂಡು ದೂರದ ಲೆಕ್ಕ ತಪ್ಪುತ್ತದೆ. ತಾಲ್ಲೂಕು ಮಟ್ಟದ ಕಾರ್ಯಕ್ರಮಕ್ಕೆ ಎನ್‌ಎಫ್‌ಸಿಯೇ ಸಾಕು.

2. ಟ್ಯಾಗ್‌ನಲ್ಲಿ ಕೊಂಡಿಯಷ್ಟೇ ಇರಲಿ

ಹೆಚ್ಚು ಬಳಕೆಯಲ್ಲಿರುವ ಎನ್‌ಟ್ಯಾಗ್ 213 ಸ್ಟಿಕ್ಕರ್‌ನಲ್ಲಿ ಬರೆಯಲು ಸಿಗುವ ಜಾಗ 144 ಬೈಟ್. ಯೂನಿಕೋಡ್ ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಪ್ರತಿ ಸ್ವರಚಿಹ್ನೆಗೂ ತಲಾ 3 ಬೈಟ್ ಬೇಕು. ‘ಕಾರವಾರ’ ಎಂದು ಬರೆದರೇ 18 ಬೈಟ್ ಮುಗಿಯಿತು! ಹಾಗಾಗಿ ಟ್ಯಾಗ್‌ಗೆ ಚಿಕ್ಕದೊಂದು ಜಾಲತಾಣದ ಕೊಂಡಿ ಬರೆದು, ಕಾರ್ಯಕ್ರಮದ ವಿವರವನ್ನು ಆ ಪುಟದಲ್ಲಿ ಕನ್ನಡದಲ್ಲೇ ಕೊಡಿ.

3. ಬರೆಯಿರಿ, ಪರೀಕ್ಷಿಸಿ, ಲಾಕ್ ಮಾಡಿ

‘ಎನ್‌ಎಫ್‌ಸಿ ಟೂಲ್ಸ್’ನಂಥ ಆ್ಯಪ್‌ನಿಂದ ಕೊಂಡಿ ಬರೆದು, ಬೇರೆ ಬೇರೆ ಫೋನುಗಳಲ್ಲಿ ತೆರೆದು ನೋಡಿ. ಸರಿಯಿದ್ದರೆ ಟ್ಯಾಗನ್ನು ಲಾಕ್ ಮಾಡಿ. ಇಲ್ಲವಾದರೆ ಯಾರು ಬೇಕಾದರೂ ಅದರ ಮೇಲೆ ಮೋಸದ ಕೊಂಡಿ ಬರೆಯಬಹುದು. ಒಮ್ಮೆ ಶಾಶ್ವತವಾಗಿ ಲಾಕ್ ಆದದ್ದು ಮತ್ತೆ ತೆರೆಯದು. ವೇಳಾಪಟ್ಟಿ ಬದಲಾದರೆ ಪುಟವನ್ನು ತಿದ್ದಿದರಾಯಿತು.

4. ಅಂಟಿಸುವ ಜಾಗ

ಕಬ್ಬಿಣದ ಕಂಬ, ಸ್ಟೀಲ್ ಟೇಬಲ್ ಬೇಡ. ಲೋಹದ ಮೇಲೆ ಸಾಮಾನ್ಯ ಟ್ಯಾಗ್ ಕೆಲಸ ಮಾಡುವುದಿಲ್ಲ, ಅದಕ್ಕೆ ಫೆರೈಟ್ ಪದರವಿರುವ ಟ್ಯಾಗ್ ಬೇಕು. ಮರದ ಹಲಗೆ ಅಥವಾ ರಟ್ಟು ಒಳ್ಳೆಯದು. ‘ಫೋನನ್ನು ಇಲ್ಲಿ ತಾಗಿಸಿ’ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಐಫೋನ್ ಆದರೆ ಮೇಲಿನ ಅಂಚು, ಆಂಡ್ರಾಯ್ಡ್ ಆದರೆ ಸಾಮಾನ್ಯವಾಗಿ ಬೆನ್ನಿನ ಭಾಗ ತಾಗಬೇಕು. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಎನ್‌ಎಫ್‌ಸಿ ಇರುವುದಿಲ್ಲ. ಆದ್ದರಿಂದ ಪಕ್ಕದಲ್ಲೇ ಕ್ಯೂಆರ್ ಕೋಡ್ ಕಡ್ಡಾಯ.

5. ಬ್ಯಾಡ್ಜ್‌ನಲ್ಲಿ ಕ್ರಮಸಂಖ್ಯೆ ಮಾತ್ರ

ಪ್ರತಿನಿಧಿಗಳ ಕೊರಳಿನ ಬ್ಯಾಡ್ಜ್‌ಗೂ ಟ್ಯಾಗ್ ಅಂಟಿಸಿದರೆ ಹಾಜರಿ, ಊಟದ ಕೂಪನ್ ಎರಡೂ ಸಲೀಸು. ಆದರೆ ಆ ಟ್ಯಾಗನ್ನು ಹತ್ತಿರ ಬಂದ ಯಾರ ಫೋನೂ ಓದಬಲ್ಲದು. ಹೆಸರು, ಮೊಬೈಲ್ ಸಂಖ್ಯೆ ಅದರಲ್ಲಿ ಖಂಡಿತ ಬೇಡ. ಕ್ರಮಸಂಖ್ಯೆ ಸಾಕು, ಉಳಿದ ವಿವರ ಸಂಘಟಕರ ಪಟ್ಟಿಯಲ್ಲಿರಲಿ. ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂದು ನೋಂದಣಿಯ ವೇಳೆಯೇ ತಿಳಿಸಿ ಒಪ್ಪಿಗೆ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಆಶಯವೂ ಇದೇ. ಕೆಲಸ ಮುಗಿದ ಮೇಲೆ ಪಟ್ಟಿ ಅಳಿಸಿಬಿಡಿ.

6. ನೆಟ್‌ವರ್ಕ್ ಕೈಕೊಟ್ಟರೆ

ಸಾವಿರ ಜನ ಒಂದೆಡೆ ಸೇರಿದರೆ ಇಂಟರ್ನೆಟ್ ತೆವಳುತ್ತದೆ. ನೋಂದಣಿ ಪಟ್ಟಿಯ ಒಂದು ಪ್ರತಿ ಸ್ವಯಂಸೇವಕರ ಫೋನಿನಲ್ಲೇ ಇರಲಿ. ಉಪನ್ಯಾಸದ ಪಿಡಿಎಫ್ ಹಂಚಲು ಆಂಡ್ರಾಯ್ಡ್‌ನ ‘ಕ್ವಿಕ್ ಶೇರ್’ ಬಳಸಿ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಪಡೆಯುವವರು ‘ಎಲ್ಲರಿಂದ’ ಎಂಬ ಆಯ್ಕೆಯನ್ನು ಆ ಹೊತ್ತಿಗಷ್ಟೇ ತೆರೆದು, ಕಡತ ಬಂದ ಮೇಲೆ ಮುಚ್ಚಬೇಕು.

ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಂಥ ಕಡೆಯ ವಿದ್ಯಾರ್ಥಿಗಳಿಗೆ ಇದೆಲ್ಲ ಒಂದು ಮಧ್ಯಾಹ್ನದ ಕೆಲಸ. ಸಂಘಟಕರು ಅವರನ್ನು ಜೊತೆಗೆ ಸೇರಿಸಿಕೊಳ್ಳಲಿ. ಮೊದಲ ಸಲ ಒಂದು ಕೌಂಟರ್‌ನಲ್ಲಿ ಮಾತ್ರ ಟ್ಯಾಗ್ ಇಟ್ಟು, ಇನ್ನೊಂದರಲ್ಲಿ ಪುಸ್ತಕ, ಪೆನ್ನು ಉಳಿಸಿಕೊಳ್ಳಿ. ಸ್ಮಾರ್ಟ್‌ಫೋನ್ ಇಲ್ಲದೆ ಬಂದ ಹಿರಿಯರೂ ಸಮ್ಮೇಳನದ ಅತಿಥಿಗಳೇ.