ಹಂಗಿಲ್ಲದ ಬಾಳು: ಮನೆಯಲ್ಲಿ ಕಲಿಯುವ ಅರ್ಥಶುದ್ಧಿ

ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ನಾಲ್ಕು ಪುರುಷಾರ್ಥಗಳಲ್ಲಿ ಅರ್ಥವು ಎರಡನೆಯದು. ಧರ್ಮದ ಹಿಂದೆ ನಡೆದರೆ ಅದು ಸೇವಕ. ಧರ್ಮವನ್ನು ಹಿಂದಿಕ್ಕಿ ಮುಂದೆ ನಡೆದರೆ ಅದೇ ಒಡೆಯ. ಸಂಸಾರವನ್ನು ತೊರೆದು ಕಾಡು ಸೇರಬೇಕೆಂದು ಹನ್ನೆರಡನೆಯ ಶತಮಾನದ ಶರಣರು ಹೇಳಲಿಲ್ಲ. ದುಡಿದು ಉಣ್ಣಬೇಕು, ಉಣಿಸಬೇಕು ಎಂದರು. ಆದುದರಿಂದ ಶರಣಧರ್ಮದಲ್ಲಿ ಧನವು ತ್ಯಾಜ್ಯವಸ್ತುವಲ್ಲ, ಶುದ್ಧಿಗೊಳಿಸಿ ಬಳಸತಕ್ಕ ವಸ್ತು. ಪಂಚಾಚಾರಗಳಲ್ಲೊಂದಾದ ಸದಾಚಾರವೆಂದರೆ ಸತ್ಯಶುದ್ಧವಾದ ಕಾಯಕದಿಂದ ಗಳಿಸಿ, ಗಳಿಸಿದುದನ್ನು ದಾಸೋಹಕ್ಕೆ ಸಲ್ಲಿಸಿ ಬಾಳುವುದು. ಈ ಆಚಾರವನ್ನು ಮನುಷ್ಯನು ಎಲ್ಲಿ ಕಲಿಯುತ್ತಾನೆ? ಶಾಲೆಯಲ್ಲಿ ಕೂಡುವ, ಕಳೆಯುವ ಲೆಕ್ಕವನ್ನು ಕಲಿಯಬಹುದು. ಮಠದಲ್ಲಿ ತತ್ತ್ವವನ್ನು ಕೇಳಬಹುದು. ಆದರೆ ಕೈಗೆ ಬಂದ ಹಣವನ್ನು ಏನು ಮಾಡಬೇಕೆಂಬ ಅಭ್ಯಾಸವು ತಂದೆತಾಯಿಗಳ ಕೈಯನ್ನು ನೋಡಿಯೇ ಮಗುವಿಗೆ ಬರತಕ್ಕದ್ದು.

ಈ ಅಭ್ಯಾಸದ ಫಲವನ್ನು ಇಂದಿನವರು ಆರ್ಥಿಕ ಸ್ವಾತಂತ್ರ್ಯವೆಂದು ಕರೆಯುತ್ತಾರೆ. ಬಹಳ ಹಣವಿರುವುದೇ ಆ ಸ್ವಾತಂತ್ರ್ಯವೆಂದು ಹಲವರ ಎಣಿಕೆ. ಅದು ಸರಿಯಲ್ಲ. ಕನ್ನಡದಲ್ಲಿ ಇದಕ್ಕೆ ಹಳೆಯ ಮಾತೊಂದಿದೆ: ಹಂಗಿಲ್ಲದಿರುವುದು. ತಿಂಗಳಿಗೆ ಲಕ್ಷ ರೂಪಾಯಿ ಸಂಬಳ ತಂದು ಅದರ ಮುಕ್ಕಾಲು ಪಾಲನ್ನು ಸಾಲದ ಕಂತುಗಳಿಗೆ ಕಟ್ಟುವವನು ಹಂಗಿನವನು. ನಾಲ್ಕೆಕರೆಯ ಒಕ್ಕಲುತನದಲ್ಲಿ ವರ್ಷದ ಕಾಳನ್ನೂ ಮುಂದಿನ ಬಿತ್ತನೆಯ ಬೀಜವನ್ನೂ ತೆಗೆದಿರಿಸಿಕೊಂಡು ಯಾರ ಬಾಗಿಲಿಗೂ ಹೋಗದವನು ಸ್ವತಂತ್ರ. ಹಂಗಿನವನಿಗೆ ಅಧರ್ಮದ ಕೆಲಸವನ್ನು ಒಲ್ಲೆನೆನ್ನುವ ಧೈರ್ಯವಿರದು. ಸಾಲ ಕೊಟ್ಟವನ ಎದುರಿನಲ್ಲಿ ಸತ್ಯವನ್ನಾಡುವ ನಾಲಗೆಯೂ ಇರದು. ಹೀಗೆ ಸಾಲವು ಮೊದಲು ಧನವನ್ನು, ಆಮೇಲೆ ಮನವನ್ನು ಕಟ್ಟಿಹಾಕುತ್ತದೆ.

ಹಣದ ವಿಷಯದಲ್ಲಿ ಮನೆಯು ಹೇಗೆ ಪಾಠಶಾಲೆಯಾಗಬಲ್ಲುದೆಂಬುದಕ್ಕೆ ಆಯ್ದಕ್ಕಿ ದಂಪತಿಗಳ ಚರಿತ್ರೆಯು ಉತ್ತಮ ನಿದರ್ಶನ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದನು. ಹೆಂಡತಿಯಾದ ಲಕ್ಕಮ್ಮನು ಅದನ್ನು ಕಂಡು ಹಿಗ್ಗಲಿಲ್ಲ. ನಿತ್ಯದ ಅಳತೆಯನ್ನು ಮೀರಿದ ಈ ಅಕ್ಕಿ ಆಸೆಯ ಅಕ್ಕಿಯೆಂದು ಗುರುತಿಸಿ, ಹೆಚ್ಚಾದುದನ್ನು ಮೊದಲಿದ್ದಲ್ಲಿಯೇ ಸುರಿದು ಬರಬೇಕೆಂದಳು. ಮಾರಯ್ಯನು ಹಾಗೆಯೇ ಮಾಡಿದನು.

ಈ ಪ್ರಸಂಗದಲ್ಲಿ ಗೃಹಸ್ಥನು ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದಾಗಿ, ಆ ಮನೆಯಲ್ಲಿ ನಿತ್ಯದ ಅಗತ್ಯಕ್ಕೆ ಒಂದು ಅಳತೆಯಿತ್ತು. ಅಳತೆಯಿದ್ದುದರಿಂದಲೇ ಹೆಚ್ಚು ಬಂದುದು ಗೊತ್ತಾಯಿತು. ಇಷ್ಟು ಸಾಕೆಂಬುದನ್ನು ನಿಶ್ಚಯಿಸದ ಮನೆಗೆ ಎಷ್ಟು ಬಂದರೂ ಸಾಲದು. ಎರಡನೆಯದಾಗಿ, ಬಂದ ಪದಾರ್ಥವು ಎಲ್ಲಿಂದ ಬಂತು, ಹೇಗೆ ಬಂತು ಎಂದು ಕೇಳುವ ಅಧಿಕಾರ ಹೆಂಡತಿಗಿತ್ತು. ಗಂಡನು ಗಳಿಸಿ, ಹೆಂಡತಿಯು ಕಣ್ಣುಮುಚ್ಚಿ ಅಡಿಗೆ ಮಾಡುವ ಮನೆಯಲ್ಲಿ ಅರ್ಥಶುದ್ಧಿಯು ನೆಲೆಸದು. ಮೂರನೆಯದಾಗಿ, ತಪ್ಪನ್ನು ತಿದ್ದಿದ ರೀತಿ. ಅಲ್ಲಿ ಜಗಳವಿಲ್ಲ, ಮುಚ್ಚುಮರೆಯಿಲ್ಲ. ಇಂಥ ಮನೆಯಲ್ಲಿ ಬೆಳೆಯುವ ಮಗುವಿಗೆ ಹಣದ ವಿಷಯವಾಗಿ ಬೇರೆ ಉಪದೇಶವು ಬೇಕಾಗುವುದಿಲ್ಲ. ನೂಲಿನಂತೆ ಸೀರೆ ಎಂಬ ಗಾದೆಯು ಇಲ್ಲಿಯೂ ಸಲ್ಲುತ್ತದೆ.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ನಾಳೆಗೆಂದು ಕೂಡಿಡುವುದನ್ನು ಬಸವಣ್ಣನವರು ತಮಗೆ ತಾವೇ ನಿಷೇಧಿಸಿಕೊಂಡ ವಚನವಿದೆಯಲ್ಲ, ಹಾಗಿರುವಲ್ಲಿ ಮಕ್ಕಳಿಗೆ ಉಳಿತಾಯವನ್ನು ಕಲಿಸುವುದು ಶರಣಮಾರ್ಗಕ್ಕೆ ವಿರೋಧವಲ್ಲವೇ? ಆಕ್ಷೇಪವು ಹಗುರವಾದುದಲ್ಲ. ಆದರೆ ಆ ಮಾತನ್ನಾಡಿದ ಬಸವಣ್ಣನವರೇ ಬಿಜ್ಜಳನ ಭಂಡಾರಿಗಳಾಗಿದ್ದರೆಂಬುದನ್ನೂ ಮರೆಯಬಾರದು. ಭಂಡಾರದ ಹಣವು ಜಂಗಮರಿಗೆ ವೆಚ್ಚವಾಗುತ್ತಿದೆಯೆಂದು ಕೊಂಡೆಯರು ದೂರಿದಾಗ, ಎಣಿಸಿ ನೋಡಲಾಗಿ ಲೆಕ್ಕವು ಸರಿಯಾಗಿಯೇ ಇತ್ತೆಂದು ಅವರ ಚರಿತೆಗಳು ಹೇಳುತ್ತವೆ. ಆದುದರಿಂದ ಶರಣರು ಹಳಿದುದು ಲೆಕ್ಕವನ್ನಲ್ಲ, ಲೋಭವನ್ನು. ಇವೆರಡನ್ನು ಬೇರ್ಪಡಿಸುವ ಗೆರೆ ಯಾವುದೆಂದರೆ, ತೆಗೆದಿಟ್ಟ ಹಣದ ಉದ್ದೇಶ. ಮಗಳ ಓದಿಗೆ, ಮುಪ್ಪಿನ ಔಷಧಕ್ಕೆ, ಮಳೆ ತಪ್ಪಿದ ವರ್ಷಕ್ಕೆ ಎಂದು ಹೆಸರಿಟ್ಟು ತೆಗೆದಿರಿಸಿದ ಹಣವು ಪರರಿಗೆ ಭಾರವಾಗದಿರುವ ವ್ರತ. ಹೆಸರಿಲ್ಲದೆ, ಮಿತಿಯಿಲ್ಲದೆ ಬೆಳೆಯುವ ಹಣವು ಸಂಗ್ರಹದೋಷ. ಗೃಹಸ್ಥನು ಆಗಾಗ ತನ್ನ ಉಳಿತಾಯವನ್ನು ಈ ಗೆರೆಯ ಮೇಲಿಟ್ಟು ನೋಡಿಕೊಳ್ಳಬೇಕು.

ಇನ್ನು ಮನೆಯಲ್ಲಿ ಆಚರಿಸತಕ್ಕ ಕ್ರಮ. ಆದಾಯವು ಕೈಸೇರಿದ ದಿನವೇ ದಾಸೋಹದ ಪಾಲನ್ನೂ ಉಳಿತಾಯದ ಪಾಲನ್ನೂ ಬೇರೆ ತೆಗೆದು, ಉಳಿದುದರಲ್ಲಿ ಸಂಸಾರ ನಡೆಸುವುದು ಮೊದಲನೆಯ ನಿಯಮ. ಖರ್ಚು ಮಾಡಿ ಉಳಿದರೆ ಕೂಡಿಡುವೆನೆಂಬುವನಿಗೆ ಎಂದಿಗೂ ಉಳಿಯದು. ಜಮಾ ಖರ್ಚಿನ ಪುಸ್ತಕವೊಂದು ಮನೆಯಲ್ಲಿರಬೇಕು. ವಾರಕ್ಕೊಮ್ಮೆ ಅದನ್ನು ಬರೆಯುವಾಗ ದೊಡ್ಡ ಮಕ್ಕಳು ಪಕ್ಕದಲ್ಲಿ ಕುಳಿತಿರಬೇಕು. ಎಂಟು ಹತ್ತು ವರ್ಷದ ಮಗುವಿಗೆ ತನ್ನ ನೋಟುಪುಸ್ತಕ, ಪೆನ್ಸಿಲುಗಳ ಖರ್ಚನ್ನು ತಿಂಗಳಿಗೊಮ್ಮೆ ಕೈಗೆ ಕೊಟ್ಟು ಅದಕ್ಕೆ ಲೆಕ್ಕ ಕೇಳಬೇಕು. ಅದು ಹಣವನ್ನು ಮಿಠಾಯಿಗೆ ಕಳೆದುಕೊಂಡರೆ ಬಯ್ಯುವುದು ಬೇಡ, ಕೂಡಲೇ ಮತ್ತೆ ಕೊಡುವುದೂ ಬೇಡ. ಹಳೆಯ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆಯುತ್ತ ತಿಂಗಳು ಕಳೆದರೆ ಮಗುವಿಗೆ ಆಗುವ ಅರಿವು ನೂರು ಮಾತಿನಿಂದ ಆಗದು. ಮನೆಗೆ ಸಾಲವಿದ್ದರೆ ಅದನ್ನು ಬುದ್ಧಿ ಬಂದ ಮಕ್ಕಳಿಂದ ಮರೆಮಾಡಬಾರದು. ಮರೆಮಾಡಿದ ಸಾಲವು ತಂದೆಯ ಕಾಲದ ನಂತರ ಮಗನಿಗೆ ಸಿಡಿಲಿನಂತೆ ಎರಗುತ್ತದೆ.

ಬಡ್ಡಿಯ ಗಣಿತವನ್ನು ತಂದೆಯಾದವನು ಮಗನಿಗೂ ಮಗಳಿಗೂ ತಾನೇ ಕಲಿಸಬೇಕು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯೆಂದರೆ ಕಿವಿಗೆ ಅಲ್ಪವಾಗಿ ಕೇಳುತ್ತದೆ. ವರ್ಷಕ್ಕೆ ಅದು ನೂರಕ್ಕೆ 36. ಆ ದರದಲ್ಲಿ 10,000 ರೂಪಾಯಿ ಸಾಲಕ್ಕೆ ತಿಂಗಳಿಗೆ 300, ವರ್ಷಕ್ಕೆ 3,600 ರೂಪಾಯಿ ಬಡ್ಡಿ. 34ನೆಯ ತಿಂಗಳು ಮುಗಿಯುವಷ್ಟರಲ್ಲಿ ಕಟ್ಟಿದ ಬಡ್ಡಿಯು 10,200 ರೂಪಾಯಿಯಾಗಿ ಅಸಲನ್ನು ಮೀರುತ್ತದೆ. ಅಸಲು ಮಾತ್ರ ಹಾಗೆಯೇ ನಿಂತಿರುತ್ತದೆ. ಕಟ್ಟದೆ ಬಿಟ್ಟು ವರ್ಷವರ್ಷವೂ ಬಡ್ಡಿಗೆ ಬಡ್ಡಿ ಸೇರಿದರೆ ಸಾಲವು ಸುಮಾರು ಎರಡೂಕಾಲು ವರ್ಷದಲ್ಲಿ ಇಮ್ಮಡಿಯಾಗುತ್ತದೆ. ಇದೇ ಚಕ್ರಬಡ್ಡಿಯು ಉಳಿತಾಯದ ಕಡೆಗೆ ತಿರುಗಿದಾಗ ಉಪಕಾರಿ. ವರ್ಷಕ್ಕೆ ನೂರಕ್ಕೆ 6ರಂತೆ ಬೆಳೆಯುವ ಹಣವು ಸುಮಾರು 12 ವರ್ಷಗಳಲ್ಲಿ ಎರಡರಷ್ಟಾಗುತ್ತದೆ. ತಿಂಗಳಿಗೆ 500 ರೂಪಾಯಿ ತೆಗೆದಿಟ್ಟರೆ ಬಡ್ಡಿಯನ್ನೆಣಿಸದೆಯೇ ಹತ್ತು ವರ್ಷಕ್ಕೆ 60,000 ರೂಪಾಯಿ. ಹನಿಗೂಡಿದರೆ ಹಳ್ಳ ಎಂದು ಹಿರಿಯರು ಹೇಳಿದುದು ಇದನ್ನೇ.

ಒಬ್ಬನಿಂದಾಗದುದು ಊರಿನಿಂದ ಆಗುತ್ತದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ದೃಷ್ಟಾಂತವಿದೆ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಶಾಸನವು ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ಪತ್ತಿನ ಸಂಘವು ಸ್ಥಾಪಿತವಾಯಿತು. ಒಕ್ಕಲಿಗರ ಅಲ್ಪ ಅಲ್ಪ ಹಣವು ಒಂದೆಡೆ ಸೇರಿ, ಅವರಲ್ಲೇ ಅಗತ್ಯವುಳ್ಳವನಿಗೆ ನ್ಯಾಯವಾದ ಬಡ್ಡಿಯ ಸಾಲವಾಗಿ ಸಿಗುವುದು ಇಂಥ ಸಂಘದ ತಿರುಳು.

ಈಗಿನ ಕಾಲದಲ್ಲಿ ಸೌಲಭ್ಯವೂ ಹೆಚ್ಚು, ಅಪಾಯವೂ ಹೆಚ್ಚು. ಹತ್ತು ವರ್ಷ ಮೇಲ್ಪಟ್ಟ ಮಕ್ಕಳು ತಾವೇ ಉಳಿತಾಯ ಖಾತೆಯನ್ನು ನಡೆಸಲು ರಿಸರ್ವ್ ಬ್ಯಾಂಕು 2014ರಲ್ಲಿ ಅವಕಾಶವಿತ್ತಿತು. ಹೆಣ್ಣುಮಕ್ಕಳಿಗಾಗಿ ಸುಕನ್ಯಾ ಸಮೃದ್ಧಿ ಯೋಜನೆಯು 2015ರಲ್ಲಿ ಆರಂಭವಾಯಿತು. ಬ್ಯಾಂಕಿನ ಠೇವಣಿಗೆ 2020ರಿಂದ 5 ಲಕ್ಷ ರೂಪಾಯಿಯವರೆಗೆ ವಿಮೆಯುಂಟು. ಆದರೆ ಪತ್ತಿನ ಸಂಘದ ಠೇವಣಿಗೂ ಚೀಟಿಯ ಹಣಕ್ಕೂ ಆ ವಿಮೆ ಅನ್ವಯಿಸುವುದಿಲ್ಲವಾದುದರಿಂದ ಅಲ್ಲಿ ಸದಸ್ಯರ ಎಚ್ಚರವೇ ಕಾವಲು. ಮೊಬೈಲಿನಲ್ಲಿ ಗಳಿಗೆಯೊಳಗೆ ಸಾಲ ದೊರೆಯುತ್ತದೆ. ವಸೂಲಿಗಾರನು ಮಾತ್ರ ಬಾಗಿಲಿಗೇ ಬರುತ್ತಾನೆ. ಕಿರುಸಾಲಗಳ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ರಾಜಶಾಸನವು ವಸೂಲಿಗಾರನ ಕೈಯನ್ನು ತಡೆಯಬಹುದು. ಬೇಡದ ಸಾಲಕ್ಕೆ ಚಾಚುವ ಕೈಯನ್ನು ಮನೆಯಲ್ಲಿ ಕಲಿತ ಸಂಸ್ಕಾರವೇ ತಡೆಯಬೇಕು.

ಆದರೂ ಮಿತವ್ಯಯವು ಜಿಪುಣತನವಾಗದಂತೆ ಎಚ್ಚರಿಕೆ ಬೇಕು. ಬಂದ ಅತಿಥಿಗೆ ಅನ್ನವಿಲ್ಲವೆನ್ನುವ, ರೋಗಿಯಾದ ನೆರೆಯವನಿಗೆ ನೆರವಾಗದ ಮನೆಯ ಮಕ್ಕಳು ಕಲಿಯುವುದು ಉಳಿತಾಯವನ್ನಲ್ಲ, ಕಲ್ಲೆದೆಯನ್ನು. ಇನ್ನೊಂದು ಕಡೆ, ವರ್ಷವಿಡೀ ಕಾಸಿಗೆ ಕಾಸು ಗಂಟು ಹಾಕಿ, ಮದುವೆಯ ಒಂದು ದಿನದ ಆಡಂಬರಕ್ಕಾಗಿ ಹೊಲವನ್ನು ಅಡವಿಡುವ ತಂದೆಯನ್ನು ನೋಡಿದ ಮಗನಿಗೆ ಯಾವ ಲೆಕ್ಕದ ಪುಸ್ತಕವೂ ಪಾಠ ಹೇಳಲಾರದು. ಎರಡೂ ತುದಿಗಳಲ್ಲಿ ಹಣವೇ ಒಡೆಯ.

ಅಗತ್ಯವನ್ನು ಅಳೆದು, ಆದಾಯವನ್ನು ಶುದ್ಧಗೊಳಿಸಿ, ಪಾಲನ್ನು ಬೇರ್ಪಡಿಸಿ, ಸಾಲಕ್ಕೆ ಅಂಜಿ ನಡೆಯುವ ತಂದೆತಾಯಿಗಳು ಮಕ್ಕಳಿಗೆ ಆಸ್ತಿಯನ್ನು ಬಿಟ್ಟುಹೋಗದಿದ್ದರೂ ಹಂಗಿಲ್ಲದ ಬಾಳನ್ನು ಬಿಟ್ಟುಹೋಗುತ್ತಾರೆ. ಹಂಗಿಲ್ಲದವನ ದಾಸೋಹವೇ ನಿಜವಾದ ದಾಸೋಹ. ಅದು ಸಾಲ ತಂದು ಮೆರೆದುದಲ್ಲ, ತನ್ನ ಬೆವರಿನ ಪ್ರಸಾದ. ಭಕ್ತಗೃಹಸ್ಥರು ಮುಂದಿನ ತಿಂಗಳ ಮೊದಲ ದಿನದಿಂದಲೇ ಮನೆಯಲ್ಲಿ ಜಮಾ ಖರ್ಚಿನ ಪುಸ್ತಕವನ್ನು ತೆರೆದು, ಮೊದಲ ಸಾಲನ್ನು ಮಕ್ಕಳ ಕೈಯಿಂದ ಬರೆಯಿಸುವುದು ಶ್ರೇಯಸ್ಕರ.