ತಿಪ್ಪೆಗೆ ಹೋದ ಎರಡು ಕಿಲೋ ಕಹಿಜೇನು

ಶಿರಸಿಯ ಮನೆಯಲ್ಲಿ ಜೀವಮಾನವಿಡೀ ತುಡುವೆ ಪೆಟ್ಟಿಗೆ ಇಟ್ಟ ಅಪ್ಪನಿಗೆ ಸಾರ್ಡೀನಿಯಾದ ಕಹಿಜೇನಿನ ಸುದ್ದಿ ಹೇಳಿದ್ದು ನಾನೇ. ಅಂದಿನಿಂದ ಫೋನ್ ಮಾಡಿದಾಗಲೆಲ್ಲ ಅದೇ ಮಾತು. ನಾನಿರುವ ಮಿಲಾನಿನಿಂದ ಆ ದ್ವೀಪಕ್ಕೆ ಒಂದೇ ವಿಮಾನ, ತಂದುಕೊಟ್ಟರಾಯಿತು ಎಂದುಕೊಂಡಿದ್ದೆ.

ಮೊದಲ ವರ್ಷ ಪೇಟೆಯ ಅಂಗಡಿಯಲ್ಲೇ ಮೋಸಹೋದೆ. ಚೀಟಿಯ ಮೇಲೆ ಕೊರ್ಬೆಟ್ಸೊಲೊ ಎಂದಿತ್ತು, ನಾಲಿಗೆಗೆ ಮಾತ್ರ ಕೊನೆಯವರೆಗೂ ಸಿಹಿ. ಬೇಸಿಗೆಯಲ್ಲಿ ತೆಗೆದ ಜೇನು ಎಂದ ಅಂಗಡಿಯವ. ಆದರೆ ಕಹಿಜೇನು ಕೊಡುವ ಕೊರ್ಬೆಟ್ಸೊಲೊ ಮರ ಹೂ ಬಿಡುವುದೇ ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ; ಹಿಂದಿನ ವರ್ಷದ ಕಾಯಿ ಕೆಂಪಗೆ ಹಣ್ಣಾಗುವಾಗಲೇ ಪಕ್ಕದಲ್ಲಿ ಬಿಳಿ ಗಂಟೆಯಂಥ ಹೂಗೊಂಚಲು. ಮಳೆ, ಚಳಿಯ ಕಾಲವಾದ್ದರಿಂದ ನೊಣಕ್ಕೆ ಹಾರಲು ಸಿಗುವ ದಿನಗಳೇ ಕಡಿಮೆ. ಅದಕ್ಕೇ ಈ ಜೇನು ಅಪರೂಪ, ತುಟ್ಟಿ. ಜೇನು ತೆಗೆದ ತಿಂಗಳು ಯಾವುದೆಂದು ಕೇಳಿ. ಮಾರುವವನು ತಡವರಿಸಿದರೆ ಎದ್ದು ಬನ್ನಿ. 2023ರಲ್ಲಿ ಯುರೋಪಿಯನ್ ಒಕ್ಕೂಟ ಹೊರದೇಶಗಳಿಂದ ಬಂದ 320 ಜೇನಿನ ಮಾದರಿಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಅವುಗಳಲ್ಲಿ ಶೇ. 46ರ ಮೇಲೆ ಕಲಬೆರಕೆಯ ಅನುಮಾನವಿತ್ತು. ಇನ್ನು ಸಾಕುವವರ ಮನೆಯಿಂದಲೇ ತರುತ್ತೇನೆ ಎಂಬ ಹಠ ನನಗೆ ಹತ್ತಿದ್ದು ಆಗ.

ಮರುವರ್ಷ ಜನವರಿಯಲ್ಲಿ ಬಾರ್ಬಾಜಿಯಾ ಬೆಟ್ಟಸೀಮೆಯ ಅಜ್ಜಿಯೊಬ್ಬರ ಮನೆಗೆ ಹೋದೆ. ಮೊದಲು ತಿಳಿಬಣ್ಣದ ಆಸ್ಫೊಡೆಲ್ ಹೂವಿನ ಜೇನು, ಆಮೇಲೆ ಮುಳ್ಳುಗಿಡದ ಹೂವಿನದು, ಕಡೆಯಲ್ಲಿ ಕಹಿಯದು. ಮೊದಲೇ ಕಹಿ ತಿಂದರೆ ಉಳಿದದ್ದರ ರುಚಿ ತಿಳಿಯುವುದಿಲ್ಲವಂತೆ. ಕ್ಷಣಕಾಲ ಸಿಹಿ, ಹಿಂದೆಯೇ ಕಾಫಿ ಗಸಿಯ ಕಹಿ ಗಂಟಲಿಗಿಳಿದು ಅಲ್ಲೇ ಕೂತಿತು. ಎರಡು ಸಾವಿರ ವರ್ಷದ ಹಿಂದೆ ರೋಮನ್ ಕವಿ ಹೊರೇಸ್ ಒಳ್ಳೆಯ ಊಟವನ್ನು ಕೆಡಿಸುವವುಗಳ ಸಾಲಿಗೆ ಸಾರ್ಡೀನಿಯಾದ ಜೇನನ್ನು ಸೇರಿಸಿದ್ದ. ನಾನು ಒಪ್ಪುವುದಿಲ್ಲ. ಚೀಸ್ ತುಂಬಿ ಕರಿದ ಸೆಯಾದಾಸ್ ಮೇಲೆ ಬಿಸಿಬಿಸಿಯಾಗಿ ಈ ಜೇನು ಸುರಿದುಕೊಟ್ಟರು; ಅದಕ್ಕೆ ಬೇರೆ ಯಾವ ಜೇನೂ ಒಪ್ಪುವುದಿಲ್ಲ. ನೀರಿನಂಶ ಅಳೆದು ತೋರಿಸಿ, ಹುಳಿ ಬರುವ ಜೇನು ಇದು, ತಂಪಿನಲ್ಲಿಡು ಎಂದರು. ನಮ್ಮ ತುಡುವೆ ಜೇನಿಗೂ ಅದೇ ಕಷ್ಟ.

ಅರ್ಧ ಕಿಲೋದ ನಾಲ್ಕು ಬಾಟಲಿ ಕೊಂಡೆ. ಅಪ್ಪನಿಗೆಂದು ಅಜ್ಜಿ ನಲವತ್ತು ಗ್ರಾಮಿನ ಪುಟ್ಟ ಬಾಟಲಿಯೊಂದನ್ನು ಕೈಗಿಟ್ಟರು.

ನನ್ನದು ಕೈಚೀಲ ಮಾತ್ರದ ಅಗ್ಗದ ಟಿಕೆಟ್. ದೊಡ್ಡ ಚೀಲಕ್ಕೆ ಹಣ ಕಟ್ಟು ಎಂದು ಗಂಡ ಹೇಳಿದ್ದರು. ಜೇನು ಹರಳುಗಟ್ಟಿದೆ, ಇದು ದ್ರವವೇ ಅಲ್ಲ ಎಂದು ವಾದಿಸಿದ್ದೆ. ವಿಮಾನ ನಿಲ್ದಾಣದ ತಪಾಸಣೆಯವನ ಮುಂದೆಯೂ ಅದನ್ನೇ ಹೇಳಿದೆ. ಬಾಟಲಿ ಬೋರಲು ಹಾಕಿದ. ಜೇನು ಅಲುಗಲಿಲ್ಲ. ನನಗೆ ಧೈರ್ಯ ಬಂತು. "ನೂರು ಮಿಲಿಗಿಂತ ಹೆಚ್ಚಿದೆ," ಎಂದ. ನಿಯಮದ ಕಣ್ಣಿಗೆ ಜೇನು ಗಟ್ಟಿಯಾದರೂ ದ್ರವವೇ. ಹಿಂದಕ್ಕೆ ಹೋಗಿ ಹಣ ಕಟ್ಟಿ ಲಗೇಜಿಗೆ ಹಾಕಿ ಬರುತ್ತೇನೆ ಎಂದೆ. ಕೌಂಟರ್ ಮುಚ್ಚಿದೆ ಎಂದ, ತಲೆಯೆತ್ತದೆ. ಮುಚ್ಚಿರಲಿಲ್ಲ, ಅಲ್ಲಿ ಚೀಲ ಕೊಟ್ಟ ಇಬ್ಬರು ನನ್ನ ಹಿಂದೆಯೇ ಬಂದು ನಿಂತರು. ಅದನ್ನು ತೋರಿಸಿ ಹೇಳಿದರೂ ಅವನು ಕೇಳಲಿಲ್ಲ. ಒಂದೊಂದಾಗಿ ತೊಟ್ಟಿಗೆ ಬಿಟ್ಟ. ನಾಲ್ಕು ಸಲ ಗಾಜಿನ ಸದ್ದು. ಚಳಿಯಲ್ಲಿ ಸಿಕ್ಕಷ್ಟು ಬಿಸಿಲಲ್ಲಿ ನೊಣಗಳು ಹಾರಿ ತಂದದ್ದು, ಆ ಅಜ್ಜಿ ನಡುಗುವ ಕೈಯಲ್ಲಿ ಸೋಸಿದ್ದು! ಅಲ್ಲೇ ಅತ್ತುಬಿಟ್ಟೆ. ಅವನನ್ನು ಇಂದಿಗೂ ಕ್ಷಮಿಸಿಲ್ಲ. ಗಂಡನ ಮಾತು ಕೇಳದ ನನ್ನನ್ನೂ.

ಹಾಗಾಗಿ ದೊಡ್ಡ ಚೀಲಕ್ಕೆ ಮೊದಲೇ ಹಣ ಕಟ್ಟಿ. ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಚೀಲದೊಳಗಿಟ್ಟು ಉಣ್ಣೆ ಬಟ್ಟೆಯಲ್ಲಿ ಸುತ್ತಿ. ಹರಳುಗಟ್ಟಿತೆಂದು ಕುದಿನೀರಿನಲ್ಲಿ ಇಡಬೇಡಿ, ಪರಿಮಳ ಹೋಗುತ್ತದೆ.

ಪುಟ್ಟ ಬಾಟಲಿ ಮಾತ್ರ ಊರು ತಲುಪಿತು. ಅಪ್ಪ ಮೂಸಿದರು, ಬೆರಳ ತುದಿಯಲ್ಲಿ ನೆಕ್ಕಿದರು, ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು. "ಇದರ ಮುಂದೆ ನಮ್ಮ ನೇರಳೆ ಜೇನು ಸಿಹಿಯೇ," ಎಂದರು. ಆಮೇಲೆ ನನ್ನ ಚೀಲದ ಕಡೆ ನೋಡಿ, "ಕೂಸೇ, ಇನ್ನೂ ಇದ್ದಾ?"