ಅಕ್ಕಡಿ ಸಾಲೂ ಊರಿನ ಕಟ್ಟುಪಾಡೂ

ಬೆಂಗಳೂರು, ಕೋಲಾರ, ತುಮಕೂರು, ಮಂಡ್ಯ, ಹಾಸನ, ಮೈಸೂರು ಮೊದಲಾದ ಜಿಲ್ಲೆಗಳ ಬೆದ್ದಲು ಭೂಮಿಯಲ್ಲಿ ರಾಗಿಯೊಂದನ್ನೇ ಬಿತ್ತಿ ಬೆಳೆಯುವುದು ಹಿಂದಿನವರ ವಾಡಿಕೆಯಾಗಿರಲಿಲ್ಲ. ಕೂರಿಗೆಯ ತಾಳುಗಳಲ್ಲಿ ರಾಗಿ ಇಳಿಯುತ್ತಿರುವಾಗಲೇ, ಅದರ ಹಿಂದೆ ಹಗ್ಗದಿಂದ ಕಟ್ಟಿದ ಸಡ್ಡೆಯ ಕೊಳವೆಯಲ್ಲಿ ಅವರೆಯನ್ನಾಗಲಿ ತೊಗರಿಯನ್ನಾಗಲಿ ಬಿಡುತ್ತ ಬರುವುದು ಪದ್ಧತಿಯಾಗಿತ್ತು. ಹೀಗೆ ಹಲವು ಸಾಲು ರಾಗಿಯ ನಡುವೆ ಬೀಳುವ ಸಾಲಿಗೆ ಅಕ್ಕಡಿ ಸಾಲೆಂದು ಹೆಸರು. ಇದಲ್ಲದೆ ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳ ಇವುಗಳೂ, ಬದುವಿನ ಮೇಲೆ ಹರಳೂ ಇರುತ್ತಿದ್ದುವು. ಈಗಲಾದರೋ ಅನೇಕ ಗ್ರಾಮಗಳಲ್ಲಿ ಹೊಲದಿಂದ ಹೊಲಕ್ಕೆ ನಡೆದುಹೋದರೂ ರಾಗಿಯ ಹೊರತು ಬೇರೊಂದು ಪೈರು ಕಣ್ಣಿಗೆ ಬೀಳದು. ಈ ಲೋಪದಿಂದ ಒಕ್ಕಲಿನ ಊಟಕ್ಕೂ ನೆಲಕ್ಕೂ ಬಂದಿರುವ ನಷ್ಟವೆಷ್ಟು, ಇದನ್ನು ಸರಿಪಡಿಸುವುದು ಒಬ್ಬ ರೈತನಿಂದ ಏಕೆ ಆಗದು, ಗ್ರಾಮದ ಮುಖಂಡರಿಂದ ಹೇಗೆ ಆಗಬಹುದು ಎಂಬುದೇ ಇಲ್ಲಿನ ವಿಚಾರ.

ರಾಗಿಯ ಗುಣವನ್ನು ಎಲ್ಲರೂ ಬಲ್ಲರು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲ್ಪಟ್ಟು ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಸುಮಾರು 10 ಮಿಲಿಗ್ರಾಂ ಮಾತ್ರ. ಬೆಳೆಯುವ ಮಕ್ಕಳಿಗೂ ಮೊಲೆಯೂಡುವ ತಾಯಂದಿರಿಗೂ ಇದರಿಂದ ಒದಗುವ ಉಪಕಾರವು ಸಾಮಾನ್ಯವಾದುದಲ್ಲ. ಆದರೆ ರಾಗಿಯಲ್ಲಿ ಮಾಂಸವರ್ಧಕ ಅಂಶವು ನೂರಕ್ಕೆ ಏಳರಷ್ಟು ಮಾತ್ರ. ಅದರಲ್ಲಿಯೂ ಲೈಸಿನ್ ಎಂಬ ಭಾಗವು ಕಡಿಮೆ. ಈ ಕೊರತೆಯನ್ನು ತುಂಬುವುದು ಕಾಳು. ತೊಗರಿ, ಅವರೆಗಳಲ್ಲಿ ಮಾಂಸವರ್ಧಕವು ನೂರಕ್ಕೆ ಇಪ್ಪತ್ತಕ್ಕೆ ಕಡಿಮೆಯಿಲ್ಲದೆ ಇದ್ದು, ರಾಗಿಯಲ್ಲಿ ಕಡಿಮೆಯಿರುವ ಲೈಸಿನ್ನೇ ಅವುಗಳಲ್ಲಿ ಹೆಚ್ಚಾಗಿದೆ. ಮುದ್ದೆಯ ಪಕ್ಕದಲ್ಲಿ ಅವರೆಕಾಳಿನ ಸಾರು ಇರುವುದು ನಾಲಗೆಯ ಚಪಲಕ್ಕೆ ಹುಟ್ಟಿದ ಜೋಡಿಯಲ್ಲ. ಒಂದಿಲ್ಲದೆ ಮತ್ತೊಂದು ಅರೆ ಊಟ. ಹುಚ್ಚೆಳ್ಳು ಮನೆಗೆ ಎಣ್ಣೆಯನ್ನೂ ಚಟ್ನಿಪುಡಿಯನ್ನೂ ಕೊಡುತ್ತಿತ್ತು. ಒಂದೇ ಹೊಲದಿಂದ ಹಿಟ್ಟು, ಬೇಳೆ, ಎಣ್ಣೆ ಮೂರೂ ಬರುತ್ತಿದ್ದ ಮನೆಯು ಈಗ ಹಿಟ್ಟನ್ನು ಮಾತ್ರ ಬೆಳೆದು ಉಳಿದೆರಡನ್ನೂ ಅಂಗಡಿಯಿಂದ ತರುತ್ತಿದೆ. ಬೇಳೆಯ ಧಾರಣೆ ಏರಿದ ತಿಂಗಳಲ್ಲಿ ಬಡ ಒಕ್ಕಲಿನವರು ಸಾರನ್ನು ನೀರು ಮಾಡುವರೇ ಹೊರತು ಬೇರೆ ಉಪಾಯ ಕಾಣರು.

ರಾಗಿ ತಿಂದರೆ ಸಕ್ಕರೆ ಕಾಯಿಲೆಯು ವಾಸಿಯಾಗುವುದೆಂಬ ಮಾತು ಈಗ ಎಲ್ಲೆಲ್ಲಿಯೂ ಕೇಳಿಬರುತ್ತದೆ. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲಂತೂ ಇದು ಹೆಚ್ಚಾಗಿದೆ. ರಾಗಿಯು ಆಹಾರವೇ ಹೊರತು ಔಷಧವಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿಯನ್ನು ಬೆಲ್ಲ ಸೇರಿಸಿ ಲೋಟಗಟ್ಟಲೆ ಕುಡಿದರೆ ರೋಗಿಗೆ ಅಪಾಯವೇ ಉಂಟು. ಕಾಳು, ಸೊಪ್ಪುಗಳೊಡನೆ ಮಿತವಾಗಿ ಉಂಡ ಮುದ್ದೆಯ ಗುಣವೇ ಬೇರೆ.

ಇನ್ನು ನೆಲದ ವಿಷಯ. ರಾಗಿಯ ಬೇರು ಜೊಂಪೆಜೊಂಪೆಯಾಗಿ ಮೇಲ್ಮಣ್ಣಿನಲ್ಲಿ ಹರಡುವುದು. ತೊಗರಿಯ ತಾಯಿಬೇರು ಆಳಕ್ಕೆ ಇಳಿಯುವುದು. ಆದಕಾರಣ ಎರಡೂ ಒಂದೇ ಪದರದ ನೀರಿಗೆ ಹೊಡೆದಾಡುವುದಿಲ್ಲ. ಕಾಳಿನ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುವು. ಉದುರಿದ ಎಲೆಯೂ ಉಳಿದ ಬೇರೂ ಮುಂದಿನ ರಾಗಿಗೆ ಗೊಬ್ಬರವಾಗುವುವು. ನಾಡ ಅವರೆಯಲ್ಲಿ ಇನ್ನೊಂದು ವಿಶೇಷವಿದೆ. ಹಗಲು ಕುಗ್ಗಿದ ಹೊರತು ಅದು ಹೂ ಬಿಡದು. ರಾಗಿಯು ತೆನೆಗಟ್ಟುವವರೆಗೂ ಅದು ತಗ್ಗಿಕೊಂಡೇ ಇದ್ದು, ರಾಗಿ ಕೊಯ್ಲಾಗಿ ಬಿಸಿಲು ಬಿದ್ದೊಡನೆ ಹಬ್ಬಿ, ಇಬ್ಬನಿಯ ತಂಪಿನಲ್ಲಿ ಕಾಯಿ ಹಿಡಿಯುವುದು. ಹಗಲಿನ ಅಳತೆಯನ್ನು ನೋಡದೆ ಎಲ್ಲ ಕಾಲದಲ್ಲಿಯೂ ಹೂ ಬಿಡುವ ಹೆಬ್ಬಾಳದ ಅಲ್ಪಾವಧಿ ಅವರೆಗಳು ತರಕಾರಿಯಾಗಿ ಮಾರುವವರಿಗೆ ಬಹಳ ಅನುಕೂಲವಾದವು. ಅಕ್ಕಡಿಗೆ ಮಾತ್ರ ನಾಡ ತಳಿಯೇ ತಕ್ಕದ್ದು. ಹೊಲದ ಅಂಚಿಗೆ ಹುಚ್ಚೆಳ್ಳು ಹಾಕುತ್ತಿದ್ದುದಕ್ಕೂ ಅರ್ಥವಿದೆ. ದನಗಳು ಅದಕ್ಕೆ ಬಾಯಿ ಹಾಕುವುದಿಲ್ಲ, ಜೇನುನೊಣಗಳು ಅದನ್ನು ಬಿಡುವುದಿಲ್ಲ.

2023ರ ಮುಂಗಾರಿನಲ್ಲಿ ಆಗಸ್ಟ್ ತಿಂಗಳು ಬಹುಮಟ್ಟಿಗೆ ಒಣಗಿಹೋಗಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟುವು. ಇಂತಹ ವರ್ಷದಲ್ಲಿ ಅಕ್ಕಡಿಯು ಪೂರ್ತಿಯಾಗಿ ಫಲಿಸುವುದೆಂದು ಯಾರೂ ಭರವಸೆ ಕೊಡಲಾರರು. ಆದರೆ ರಾಗಿಗೆ ಒಂದು ಕಾಲದ ಮಳೆ ತಪ್ಪಿದರೆ ಅವರೆಗೂ ತೊಗರಿಗೂ ಇನ್ನೊಂದು ಕಾಲದ ಮಳೆಯನ್ನು ಕಾಯುವ ಶಕ್ತಿಯುಂಟು. ಆಶ್ಲೇಷ, ಮಖೆ ಕೈಕೊಟ್ಟರೂ ಚಿತ್ತೆ, ಸ್ವಾತಿಗಳಲ್ಲಿ ಒಂದು ಹದ ಬಿದ್ದರೆ ಮನೆಗೆ ನಾಲ್ಕು ಸೇರು ಕಾಳು, ದನಕ್ಕೆ ಒಂದಿಷ್ಟು ಹೊಟ್ಟು ಸಿಕ್ಕೀತು. ರಾಗಿಯೊಂದನ್ನೇ ನಂಬಿದ ಹೊಲದಲ್ಲಿ ಆ ಮಳೆಯಿಂದ ಪ್ರಯೋಜನವಿಲ್ಲ.

ಇಷ್ಟು ಗುಣವುಳ್ಳ ಪದ್ಧತಿಯು ಕ್ಷೀಣಿಸಿದುದಕ್ಕೆ ರೈತನ ಸೋಮಾರಿತನವೇ ಕಾರಣವೆಂದು ಹೇಳುವುದು ಅನ್ಯಾಯ. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ವ್ಯವಸಾಯದ ಇಲಾಖೆಯು ಪ್ರತ್ಯೇಕವಾಗಿ ಏರ್ಪಟ್ಟು ಡಾಕ್ಟರ್ ಲೆಸ್ಲಿ ಕೋಲ್‌ಮನ್ನರು ಅದರ ಮೊದಲ ಡೈರೆಕ್ಟರಾದಂದಿನಿಂದಲೂ ರಾಗಿಯ ತಳಿಯನ್ನು ಉತ್ತಮಪಡಿಸುವ ಕೆಲಸ ನಡೆದುಬಂದಿದೆ. ಮುಂದೆ ಮಂಡ್ಯದ ವಿ. ಸಿ. ಫಾರಮಿನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಪಡೆದ ಮೇಲೆ ಇಳುವರಿಯು ಬಹಳವಾಗಿ ಏರಿತು. ಜನರು ಅವರನ್ನು ರಾಗಿ ಲಕ್ಷ್ಮಣಯ್ಯನೆಂದೇ ಕರೆದರು. ಆಮೇಲೆ ಬೆಂಬಲ ಬೆಲೆಯ ಖರೀದಿಯೂ ಬಂತು. ಇದೆಲ್ಲ ಸಂತೋಷದ ವಿಷಯವೇ. ಆದರೆ ಎಲ್ಲರ ದೃಷ್ಟಿಯೂ ರಾಗಿಯ ಮೂಟೆಯ ಮೇಲೆಯೇ ನಿಂತು, ಮೂಟೆಯಾಗದೆ ಮಡಕೆಯಲ್ಲಿಯೇ ಮುಗಿಯುತ್ತಿದ್ದ ಅಕ್ಕಡಿಯ ಫಲವು ಲೆಕ್ಕಕ್ಕೆ ಬರಲಿಲ್ಲ. ಕೊಯ್ಲಿನ ಯಂತ್ರ ಹೊಲಕ್ಕೆ ಇಳಿದಾಗ ನಡುವೆ ನಿಂತ ತೊಗರಿಯು ಅದಕ್ಕೆ ಅಡ್ಡಿಯಾಯಿತು. ಕೂಲಿ ದುಬಾರಿಯಾದುದರಿಂದ ಕಳೆನಾಶಕ ಬಂತು. ಅಗಲ ಎಲೆಯ ಕಳೆಯನ್ನು ಕೊಲ್ಲುವ 2,4-ಡಿ ಎಂಬ ಔಷಧವು ಅಗಲ ಎಲೆಯ ಅವರೆಯನ್ನೂ ಕೊಲ್ಲದೆ ಬಿಡದು. ಅದರೊಡನೆಯೇ ಹೊಲದಲ್ಲಿ ತಾನಾಗಿ ಹುಟ್ಟುತ್ತಿದ್ದ ಅಣ್ಣೆಸೊಪ್ಪು, ಗಣಿಕೆಸೊಪ್ಪು, ದೊಡ್ಡಗೋಣಿಸೊಪ್ಪುಗಳೂ ಹೋದುವು. ಕಳೆ ಕೀಳಲು ಬಂದ ಹೆಂಗಸರು ಸಂಜೆ ಮಡಿಲಲ್ಲಿ ಕಟ್ಟಿಕೊಂಡು ಹೋಗುತ್ತಿದ್ದ ಈ ಬೆರಕೆ ಸೊಪ್ಪು ಕೂಲಿಯ ಲೆಕ್ಕದಲ್ಲಿ ಸೇರದಿದ್ದರೂ ಅವರ ಮಕ್ಕಳ ಊಟದಲ್ಲಿ ಸೇರಿತ್ತು. ಜಮೀನಿನ ಯಜಮಾನರು ಇದನ್ನು ಒಂದು ಗಳಿಗೆ ಯೋಚಿಸಬೇಕು. ಸಾಲಿನ ನಡುವೆ ಎರಡು ಬಾರಿ ಎಡೆಕುಂಟೆ ಹಾಯಿಸಿ, ಉಳಿದುದನ್ನು ಕೈಯಿಂದ ಕೀಳಿಸಿದರೆ ತಗಲುವ ಖರ್ಚು ಹೆಚ್ಚೇ ಸರಿ. ಆದರೆ ಅದಕ್ಕೆ ಪ್ರತಿಯಾಗಿ ಉಳಿಯುವ ಕಾಳನ್ನೂ ಸೊಪ್ಪನ್ನೂ ಮೇವನ್ನೂ ಲೆಕ್ಕಕ್ಕೆ ಹಿಡಿಯದೆ ಖರ್ಚನ್ನು ಮಾತ್ರ ಹಿಡಿಯುವುದು ಸರಿಯಾದ ಲೆಕ್ಕವಲ್ಲ.

ಬಿತ್ತುವ ಕ್ರಮದಲ್ಲಿ ಕಷ್ಟವೇನೂ ಇಲ್ಲ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಅಥವಾ ಎಂಟಕ್ಕೆ ಒಂದು ಸಾಲು ಅವರೆ ಸಾಕು. ಎಕರೆಗೆ ಒಂದೆರಡು ಸೇರಿಗಿಂತ ಹೆಚ್ಚು ಕಾಳಿನ ಬೀಜ ಬೇಕಾಗದು. ಯಂತ್ರದಿಂದಲೇ ಕೊಯ್ಯಿಸುವವರು ಅಕ್ಕಡಿಯನ್ನು ನಡುವೆ ಚೆದರಿಸದೆ, ಯಂತ್ರ ತಿರುಗಲು ಸ್ಥಳ ಬಿಟ್ಟು ಪಟ್ಟೆಪಟ್ಟೆಯಾಗಿ ಹಾಕಬಹುದು.

ನಿಜವಾದ ಕಷ್ಟವಿರುವುದು ರಾಗಿ ಕೊಯ್ದ ಮೇಲೆ. ಒಂದು ಗ್ರಾಮದಲ್ಲಿ ಒಬ್ಬ ರೈತನು ಮಾತ್ರ ಅಕ್ಕಡಿ ಹಾಕಿದನೆಂದು ಇಟ್ಟುಕೊಳ್ಳೋಣ. ಸುತ್ತಲಿನ ಹೊಲಗಳಲ್ಲಿ ರಾಗಿ ಕೊಯ್ಲಾದ ಮರುದಿನವೇ ದನಗಳನ್ನು ಬಿಡುವರು. ಕಾರ್ತಿಕ ಮಾಸದಲ್ಲಿ ಹಸುರಾಗಿ ನಿಂತಿರುವುದು ಅವನ ಅವರೆಯೊಂದೇ ಆದುದರಿಂದ ಊರ ದನವೆಲ್ಲ ಅಲ್ಲಿಗೇ ನುಗ್ಗುವುದು. ಕಾಯಿಕೊರಕ ಹುಳುವೂ ಗಿಳಿಯ ಹಿಂಡೂ ಅಲ್ಲಿಗೇ ಎರಗುವುವು. ದಾರಿಹೋಕರು ಕೀಳುವ ಒಂದೊಂದು ಹಿಡಿ ಕಾಯಿಯೂ ಅವನ ಹೊಲದ್ದೇ. ಊರೆಲ್ಲ ಅವರೆ ಇದ್ದ ಕಾಲದಲ್ಲಿ ಈ ನಷ್ಟವು ನೂರು ಹೊಲಗಳಿಗೆ ಹಂಚಿಹೋಗಿ ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಅದು ಒಬ್ಬನ ತಲೆಯ ಮೇಲೆಯೇ ಬೀಳುವುದರಿಂದ ಅವನು ಎರಡು ವರ್ಷ ಪ್ರಯತ್ನಿಸಿ ಮೂರನೆಯ ವರ್ಷ ಸಡ್ಡೆಯನ್ನು ಅಟ್ಟಕ್ಕೆ ಏರಿಸುವನು. ಒಳ್ಳೆಯ ರೈತರು ಅಕ್ಕಡಿ ಬಿಟ್ಟಿರುವುದಕ್ಕೆ ಅನೇಕ ಕಡೆಗಳಲ್ಲಿ ಇದೇ ಕಾರಣ; ಇಲಾಖೆಯವರು ಎಷ್ಟು ಉಪದೇಶ ಮಾಡಿದರೂ ಈ ಗಂಟು ಬಿಚ್ಚದು. ಇದನ್ನು ಬಿಚ್ಚತಕ್ಕವರು ಊರಿನ ಹಿರಿಯರೇ.

ಮೊದಲನೆಯದಾಗಿ, ಗ್ರಾಮಸಭೆಯಲ್ಲಿ ಮಾತಾಡಿ ಊರಿನ ಒಂದು ದಿಕ್ಕಿನ ಹೊಲಗಳೆಲ್ಲವನ್ನೂ ಅಕ್ಕಡಿಗೆಂದು ಗೊತ್ತುಮಾಡಬೇಕು. ಊರೆಲ್ಲವೂ ಒಂದೇ ವರ್ಷದಲ್ಲಿ ಒಪ್ಪುವುದು ಅಪರೂಪ. ಮೂಡಲ ಕಡೆಯವರೋ ಪಡುವಲ ಕಡೆಯವರೋ ಹತ್ತು ಹದಿನೈದು ಮಂದಿ ಸೇರಿದರೆ ಸಾಕು. ಆ ದಿಕ್ಕಿಗೆ ಮಹಾಶಿವರಾತ್ರಿಯವರೆಗೆ ದನ ಬಿಡಕೂಡದೆಂದು ದೀಪಾವಳಿಗೆ ಮುಂಚೆ ತಮಟೆ ಸಾರಿಸಬೇಕು. ಉಳಿದ ದಿಕ್ಕಿನ ಕೂಳೆ ಹೊಲಗಳು ಎಂದಿನಂತೆ ಮೇವಿಗೆ ತೆರೆದಿರಲಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ಜಮೀನಿಲ್ಲದವರ ಆಡುಕುರಿಗಳಿಗೆ ಕೊಯ್ಲಾದ ಹೊಲವೇ ಆಧಾರ. ಅವರನ್ನು ಕರೆಯದೆ, ಅವರ ಮಾತು ಕೇಳದೆ ಮಾಡಿದ ಕಟ್ಟುಪಾಡು ಬಡವರ ಮೇಲೆ ಹೇರಿದ ದಂಡವಾಗುವುದು, ನಿಲ್ಲಲೂ ನಿಲ್ಲದು. ಕಾಳು ಬಡಿದ ಮೇಲೆ ಹೊಟ್ಟಿನಲ್ಲಿ ಇಷ್ಟು ಪಾಲು ಅವರಿಗೆಂದು ಮೊದಲೇ ನಿಷ್ಕರ್ಷೆಯಾಗಲಿ. ಕಾವಲಿಗೆ ಅವರಲ್ಲಿಯೇ ಒಬ್ಬರನ್ನು ಗೊತ್ತುಮಾಡಿ, ಮನೆಗೆ ಇಷ್ಟು ಕಾಳೆಂದು ಎತ್ತಿಕೊಟ್ಟರೆ ಇನ್ನೂ ಉತ್ತಮ. ಕಟ್ಟುಪಾಡು ಮೀರಿದ ಮೊದಲ ದನವು ಮುಖಂಡರದೇ ಆದರೆ ಅದನ್ನೂ ದೊಡ್ಡಿಗೆ ಕಟ್ಟತಕ್ಕದ್ದು. ಈ ಒಂದು ವಿಷಯದಲ್ಲಿ ದಾಕ್ಷಿಣ್ಯ ತೋರಿದರೆ ಮಿಕ್ಕ ಶ್ರಮವೆಲ್ಲ ವ್ಯರ್ಥ.

ಎರಡನೆಯದು ಬೀಜ. ರಾಗಿಯ ಬೀಜವು ರೈತ ಸಂಪರ್ಕ ಕೇಂದ್ರದಲ್ಲಿ ಸಿಕ್ಕುವುದು. ಆ ಊರಿನ ಮಣ್ಣಿಗೆ ಹೊಂದಿದ ನಾಡ ಅವರೆ, ಅಲಸಂದೆಗಳು ಸಿಕ್ಕುವುದು ಮನೆಯ ಹಿರಿಯ ಹೆಂಗಸರ ಮಡಕೆಗಳಲ್ಲಿ. ಆ ಮಡಕೆ ಒಂದು ವರ್ಷ ಬರಿದಾದರೆ ಆ ತಳಿಯು ಆ ಮನೆಗೆ ಮತ್ತೆ ಬಾರದು. ಬೀಜದ ವಿಚಾರ ಮಾತಾಡುವ ದಿನ ಗಂಡಸರು ಮಾತ್ರ ಅರಳೀಕಟ್ಟೆಯಲ್ಲಿ ಕುಳಿತು ಎದ್ದುಹೋದರೆ ಯಾವ ಬೀಜ ಎಲ್ಲಿದೆಯೆಂಬುದೇ ತಿಳಿಯದು; ಅವರನ್ನೂ ಸ್ತ್ರೀಶಕ್ತಿ ಸಂಘದವರನ್ನೂ ಅಗತ್ಯವಾಗಿ ಕರೆಯಬೇಕು. ಬೀಜದ ಕಾಳನ್ನು ಕೆಮ್ಮಣ್ಣಿನ ಬಗ್ಗಡದಲ್ಲಿ ಕಲಸಿ, ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಬೂದಿಯೊಡನೆ ಮಡಕೆಗೆ ತುಂಬಿ ಬಾಯಿ ಮೆತ್ತುವ ಹಳೆಯ ರೂಢಿಯು ಹುಳು ಹಿಡಿಯದಂತೆ ಕಾಪಾಡುವುದು. ಕಾಳಿನ ಮೇಲಿನ ಮಣ್ಣಿನ ಲೇಪವು ಹುಳುವಿನ ಮೊಟ್ಟೆ ಅಂಟುವುದಕ್ಕೆ ಎಡೆಗೊಡದು.

ಬೀಜವನ್ನು ಕೈ ಬದಲಿಸುವುದು ಕಾನೂನಿಗೆ ವಿರುದ್ಧವೆಂದು ಕೆಲವರಲ್ಲಿ ಭಯವಿದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ರೈತನು ತನ್ನ ಬೆಳೆಯ ಬೀಜವನ್ನು ಇಟ್ಟುಕೊಳ್ಳಲು, ಬಿತ್ತಲು, ಹಂಚಲು, ಬದಲಾಯಿಸಿಕೊಳ್ಳಲು, ಮಾರಲು ಸಹ ಅಧಿಕಾರ ಕೊಟ್ಟಿದೆ. ರಕ್ಷಿತ ತಳಿಯ ಬೀಜವನ್ನು ಬ್ರಾಂಡು ಹಾಕಿ ಮಾರಕೂಡದೆಂಬುದೊಂದೇ ನಿರ್ಬಂಧ.

ಯುಗಾದಿಯಲ್ಲಿ ಹೊನ್ನಾರು ಕಟ್ಟುವ ಊರುಗಳಲ್ಲಿ ಆ ವಾರವೇ ಬೀಜದ ಲೆಕ್ಕ ತೆಗೆಯುವುದು ಅನುಕೂಲ. ಪ್ರತಿ ಮಡಕೆಯಿಂದ ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಐದನೆಯ ದಿನ ಬಿಚ್ಚಿ ನೋಡಬೇಕು. ಮುಕ್ಕಾಲು ಪಾಲಿಗಿಂತ ಕಡಿಮೆ ಮೊಳೆತರೆ ಅದನ್ನು ಸಾರಿಗೆ ಬಳಸಿ, ಬೇರೆ ಬೀಜ ಹುಡುಕಲು ಪುನರ್ವಸು ಮಳೆಯವರೆಗೆ ಕಾಲಾವಕಾಶವಿರುವುದು. ಬೀಜವಿಲ್ಲದವರಿಗೆ ಸೇರಿಗೆ ಸೇರೂಕಾಲಿನಂತೆ ಹಿಂದಿರುಗಿಸುವ ಕರಾರಿನ ಮೇಲೆ ಕೊಟ್ಟು, ಯಾರಿಂದ ಬಂತು, ಯಾರಿಗೆ ಹೋಯಿತು, ಯಾವ ಬಣ್ಣದ ಕಾಳು ಎಂಬುದನ್ನು ಶಾಲೆಯ ಮಕ್ಕಳಿಂದ ಒಂದು ಪುಸ್ತಕದಲ್ಲಿ ಬರೆಯಿಸಬೇಕು. ಹಿಂದಿರುಗಿದ ಕಾಲು ಸೇರು ಅಂಗನವಾಡಿಯ ಮಕ್ಕಳ ಸಾರಿಗೆಂದು ಊರಿನವರು ನಿಶ್ಚಯಿಸಿದರೆ ಸಾಲ ತೀರಿಸಲು ಯಾರೂ ಹಿಂಜರಿಯುವುದಿಲ್ಲ.